ಏಳನೇ ಮಹಡಿಯ ಬಸ್ಸಿಗೆ ಎರಡೂ ಕನ್ನಡಿ ಕೋರಿ

ದಿನಾಂಕ: ೧೫ ನವೆಂಬರ್ ೨೦೨೨, ಮಂಗಳವಾರ
ಸಮಯ: ಸಂಜೆ ೫ ಗಂಟೆ ೪೦ ನಿಮಿಷ (ಕರೆಂಟು ಇಲ್ಲದ ಕಾರಣ ಮೇಣದಬತ್ತಿಯ ಬೆಳಕಿನಲ್ಲಿ ಬರೆದದ್ದು, ಅಕ್ಷರ ಸೊಟ್ಟಗಿದ್ದರೆ ಮನ್ನಿಸುವುದು)

ಇಂದ,
ನಸ್ರಿ ಗುಲ್ಮಿಯೆ,
ಭೌತಶಾಸ್ತ್ರದ ಉಪಾಧ್ಯಾಯ,
ಏಳನೇ ಮಹಡಿ, ಬಲಗಡೆಯ ಬಾಗಿಲು,
ಸನೋಬರ್ ಕಟ್ಟಡ, ಫುರ್ನ್ ಎಲ್ ಶಬ್ಬಾಕ್, ಬೈರೂತ್.

ಗೆ,
ಮುಸ್ಯೊ ರೀಮೋನ್ ಅಬ್ಬೂದ್ ಅವರು,
ಅಧ್ಯಕ್ಷರು, ಕಟ್ಟಡ ಸಮಿತಿ,
ಸನೋಬರ್ ಕಟ್ಟಡ, ಮೊದಲನೇ ಮಹಡಿ
(ಹಾಗೂ ನೆಲಮಹಡಿಯ ತೂಗುದೀಪಗಳ ಅಂಗಡಿ).

ವಿಷಯ: ಅಗಲ ಪರದೆಯ ಮೇಲೆ ಬಸ್ಸು ಓಡಿಸುವ ಆಟವನ್ನು ೨೫೬೦ x ೧೦೮೦ ರೆಸಲ್ಯೂಷನ್ನಿನಲ್ಲಿ, ಎಡ ಬಲದ ಅಂಚುಗಳವರೆಗೂ ಚಿತ್ರ ತುಂಬಿಸಿಕೊಂಡು ಆಡಲು ಅನುಮತಿ ಕೋರಿ.

ಉಲ್ಲೇಖ:
೧) ಸಮಿತಿಯ ೯ ನವೆಂಬರ್ ೨೦೨೨ರ ಠರಾವು.
೨) ಈ ಸಂಜೆ ತಾವು ಮೆಟ್ಟಿಲುಗಳ ಬುಡದಲ್ಲಿ ನಿಂತು ಕೂಗಿ ಹೊರಡಿಸಿದ ಆದೇಶ.
೩) ಸದರಿ ಆದೇಶಕ್ಕೆ ನಮ್ಮ ಅತ್ತೆಯವರು ಮೇಲಿನಿಂದ ಕೂಗಿ ಕೊಟ್ಟ ಉತ್ತರ. (ಇದರ ಕೊನೆಯ ವಾಕ್ಯವನ್ನು ಕಡತದಿಂದ ಕೈಬಿಡಬೇಕಾಗಿ ವಿನಂತಿ.)

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನಾದ ನಾನು ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ:

೧. ಈ ದಿನ ಸಂಜೆ ಐದು ಗಂಟೆ ನಾಲ್ಕು ನಿಮಿಷಕ್ಕೆ, ಸರ್ಕಾರಿ ಕರೆಂಟು ಬಾರದ ಈ ಬಡಾವಣೆಗೆ ದುಡ್ಡಿಗೆ ಕರೆಂಟು ಮಾರುವ ಅಬು ನಖ್ಲೆಯವರ ಜನರೇಟರಿನಿಂದ ನಮ್ಮ ಕಟ್ಟಡಕ್ಕೆ ಬರುವ ಮುಖ್ಯ ಸ್ವಿಚ್ಚು ಬಿದ್ದು, ಎಲ್ಲ ಮನೆಗಳೂ ಕತ್ತಲಾದವು. ಆ ಕ್ಷಣದಲ್ಲಿ ನನ್ನ ಅತ್ತೆಯವರಾದ ಶ್ರೀಮತಿ ಅದ್ಲಾ ಅವರು ನಮ್ಮ ಮನೆಯ ಕಂಪ್ಯೂಟರಿನಲ್ಲಿ ನಗರ ಸಾರಿಗೆಯ ಬಸ್ಸೊಂದನ್ನು ಓಡಿಸುತ್ತಿದ್ದರು. ಬಸ್ಸು ವೃತ್ತವೊಂದರ ನಡುವೆ ಇತ್ತು. ಅರೆ ನಿಮಿಷದೊಳಗೆ ಕೆಳಗಿನಿಂದ ತಮ್ಮ ದನಿ ಕೇಳಿಬಂದಿತು. ಮುಂದೆ ನಡೆದ ಮಾತುಕತೆಯನ್ನು ಎಲ್ಲ ಮಹಡಿಯವರೂ ಬಾಗಿಲು ತೆರೆದು ಆಲಿಸಿದ್ದಾರಾದರೂ, ದಾಖಲೆಗಾಗಿ ಇಲ್ಲಿ ಯಥಾವತ್ತಾಗಿ ಬರೆಯುತ್ತೇನೆ.

“ಉಸ್ತಾದ್, ಮತ್ತೆ ಅಗಲ ಮಾಡ್ಕೊಂಡ್ರಾ? ಇಡೀ ಬಿಲ್ಡಿಂಗು ಕತ್ತಲಾಯ್ತಲ್ಲ,” ಎಂದು ತಾವು.

“ಯಾರದು, ರೀಮೋನಾ? ಮೇಷ್ಟ್ರ ಹತ್ರ ದನಿ ಎತ್ತಬೇಡ. ಇಪ್ಪತ್ತೆರಡು ಜನ ಪ್ಯಾಸೆಂಜರು ಸರ್ಕಲ್ ಮಧ್ಯ ನಿಂತವ್ರೆ. ಅವರಿಗೆ ನೀನು ಉತ್ತರ ಹೇಳ್ತೀಯಾ?” ಎಂದು ಅತ್ತೆ.

“ಸಿತ್ ಅದ್ಲಾ, ಅದು ಆಟ.”

“ನಿಂಗೆ ಆವಾಗ್ಲೂ ಎಲ್ಲಾ ಆಟಾನೇ.”

“ಗುರುವಾರ ಸಂಜೆ ಐದಕ್ಕೆ ನಿಮ್ಮ ಮನೆ ಲೈನು ಕತ್ತರಿಸ್ತೀನಿ. ಬರ್ಕೊಳಿ ಉಸ್ತಾದ್.”

ಬರೆದುಕೊಂಡಿದ್ದೇನೆ. ಅತ್ತೆಯವರು ಅದಕ್ಕೆ ಹೇಳಿದ್ದೇ ಉಲ್ಲೇಖ ಮೂರರ ಕೊನೆಯ ವಾಕ್ಯ. ಮೂರನೇ ಮಹಡಿಯ ಮದಾಮ್ ಸಿಲ್ವಾ ಅವರು ಅದಕ್ಕೆ ನಕ್ಕದ್ದು ನನಗೂ ಕೇಳಿಸಿತು. ಅವರು ಸಮಿತಿಯ ಸದಸ್ಯರಾಗಿರುವ ಕಾರಣ ಅದನ್ನು ಕೆಮ್ಮು ಎಂದು ಪರಿಗಣಿಸಿದ್ದೇನೆ.

೨. ಸದರಿ ಪರದೆಯ ಹಿನ್ನೆಲೆ. ಇದು ಮೂವತ್ತನಾಲ್ಕು ಇಂಚಿನ, ಸಾಮಾನ್ಯ ಪರದೆಗಿಂತ ಮೂರನೇ ಒಂದು ಪಾಲು ಹೆಚ್ಚು ಅಗಲದ ಪರದೆ. ಬಾಗಿಲು ಮುಚ್ಚಿದ ಬ್ಯಾಂಕ್ ಶಾಖೆಯೊಂದರ ಪೀಠೋಪಕರಣಗಳನ್ನು ಹರಾಜು ಹಾಕಿದಾಗ ಕೊಂಡದ್ದು. ಅದೇ ಶಾಖೆಯಲ್ಲಿ ಅರ್ಜಿದಾರನ ಹದಿನೇಳು ವರ್ಷಗಳ ಉಳಿತಾಯವೂ ಇತ್ತು. ಒಳಗೆ ಹೋದ ವಸ್ತುಗಳ ಪೈಕಿ ಹೊರಗೆ ಬಂದದ್ದು ಈ ಪರದೆ ಒಂದೇ ಆದ ಕಾರಣ, ಅದರ ಪೂರ್ತಿ ಅಗಲವನ್ನು ಬಳಸಿಕೊಳ್ಳಬೇಕೆಂಬ ಆಸೆ ನನ್ನಲ್ಲಿ ಸ್ವಲ್ಪ ಹೆಚ್ಚಾಗಿಯೇ ಇದೆ. ಇದನ್ನು ನಾನು ಮುಚ್ಚಿಡುವುದಿಲ್ಲ.

೩. ಚಾಲಕರ ಹಿನ್ನೆಲೆ. ಶ್ರೀಮತಿ ಅದ್ಲಾ ಅವರು ಈ ಬಡಾವಣೆಯ ಶಾಲಾ ಬಸ್ಸನ್ನು ಇಪ್ಪತ್ತೊಂಬತ್ತು ವರ್ಷ ಓಡಿಸಿದವರು. ರಸ್ತೆಯಲ್ಲಿ ಗುಂಡು ಹಾರುತ್ತಿದ್ದ ವರ್ಷಗಳೂ ಅದರಲ್ಲಿ ಸೇರಿವೆ. ತಾವೂ ಸದರಿ ಬಸ್ಸಿನಲ್ಲಿ ಎಂಟು ವರ್ಷ ಪ್ರಯಾಣ ಮಾಡಿದ್ದೀರಿ. ಈಗ ಅವರ ಮೊಣಕಾಲುಗಳು ಏಳು ಮಹಡಿಯ ಮೆಟ್ಟಿಲುಗಳಿಗೆ ಒಪ್ಪುವುದಿಲ್ಲ. ಲಿಫ್ಟು ನಿಂತು ಎರಡು ಚಳಿಗಾಲ ಕಳೆಯಿತು. “ಒಂದನೇ ಮಹಡಿಯವರಿಗೆ ಲಿಫ್ಟು ಯಾಕೆ ಬೇಕು? ಬೇಕಿದ್ದೋರು ಅಷ್ಟು ಮೇಲೆ ಯಾಕೆ ಮನೆ ಮಾಡಿದ್ರು?” ಎಂಬ ತಮ್ಮ ಅಭಿಪ್ರಾಯವನ್ನು ಸಮಿತಿಯು ಅಂದು ಸರ್ವಾನುಮತದಿಂದ ಅಂಗೀಕರಿಸಿತ್ತು. ಮೇಲಿನ ಮಹಡಿಯವರು ಇಳಿದು ಬರುವಷ್ಟರಲ್ಲಿ ಸಭೆ ಮುಗಿದಿದ್ದ ಕಾರಣ ಸರ್ವಾನುಮತ ಸುಲಭವಾಯಿತು.

ಅಂದಿನಿಂದ ಅತ್ತೆಯವರು ಬೀದಿಗೆ ಇಳಿದಿಲ್ಲ. ಆದ ಕಾರಣ ದಿನವೂ ಸಂಜೆ ಐದರಿಂದ ಆರರವರೆಗೆ ಅವರು ಪರದೆಯ ಮೇಲೆ ಬಸ್ಸು ಓಡಿಸುತ್ತಾರೆ. ಅದಕ್ಕೆ ಮುಂಚೆ ಕೋಟು ಹಾಕಿಕೊಂಡು, ಹೊರಗೆ ಹೋಗುವ ಶೂ ಕಟ್ಟಿಕೊಳ್ಳುತ್ತಾರೆ. ಮನೆಯಲ್ಲಿ ಅವರು ಶೂ ಹಾಕುವುದು ಆ ಒಂದು ಗಂಟೆ ಮಾತ್ರ. ಆಟದ ಊರು ಎಲ್ಲಿಯದೋ ನನಗೆ ತಿಳಿಯದು; ಅವರು ಅದರ ನಿಲ್ದಾಣಗಳಿಗೆ ನಮ್ಮ ಬಡಾವಣೆಯ ಹೆಸರುಗಳನ್ನೇ ಇಟ್ಟಿದ್ದಾರೆ. ಔಷಧಿ ಅಂಗಡಿ, ಬೇಕರಿ, ಕಾನ್ವೆಂಟ್ ಗೇಟು. ಕೆಂಪು ದೀಪ ಬಿದ್ದಾಗ ಕಲ್ಲಂಗಡಿ ಬೀಜ ಬಿಡಿಸುತ್ತಾರೆ. ಇಳಿಯುವಾಗ ವಂದನೆ ಹೇಳದ ಪ್ರಯಾಣಿಕರನ್ನು ಹೆಸರಿಟ್ಟು ಬೈಯುತ್ತಾರೆ. ಇದನ್ನು ನಾನು ಆಟವೆಂದೇ ಕರೆಯುತ್ತೇನೆ, ಅವರಿಗೆ ಕೇಳಿಸದ ಹಾಗೆ.

೪. ಸಮಿತಿಯ ಠರಾವಿನ ಬಗ್ಗೆ. ಸೆಪ್ಟೆಂಬರಿನಿಂದ ಆಗಾಗ ಮುಖ್ಯ ಸ್ವಿಚ್ಚು ಬೀಳುತ್ತಿರುವುದಕ್ಕೆ ಕಾರಣ ಹುಡುಕಲು ೯ರಂದು ತಮ್ಮ ಮಹಡಿಯ ಮೆಟ್ಟಿಲ ಬಳಿ ಸಭೆ ಸೇರಲಾಯಿತು. ಈ ಸಲ ನಾನು ಸಮಯಕ್ಕೆ ಸರಿಯಾಗಿ ಇಳಿದು ಬಂದಿದ್ದೆ. ಹರಾಜಿನ ಪರದೆಯನ್ನು ಇಬ್ಬರು ಹಿಡಿದು ಮೇಲಕ್ಕೆ ಸಾಗಿಸಿದ್ದನ್ನು ಎಲ್ಲರೂ ಕಂಡಿದ್ದರಾದ್ದರಿಂದ, ಕಾರಣ ಸಿಗಲು ಬಹಳ ಹೊತ್ತು ಹಿಡಿಯಲಿಲ್ಲ.

“ಅಷ್ಟಗಲ ಯಾಕೆ ಬೇಕು ಉಸ್ತಾದ್? ನಮ್ಮ ಟೀವೀಲಿ ಜನ ಕಾಣಲ್ವಾ?” ಎಂದು ಮದಾಮ್ ಸಿಲ್ವಾ ಕೇಳಿದರು.

“ಅಗಲ ಅಂದ್ರೆ ಎರಡು ಪರದೆ ಲೆಕ್ಕ,” ಎಂದು ಜನರೇಟರಿನ ಅಬು ನಖ್ಲೆ ಹೇಳಿದರು. “ಎರಡು ಲೈನು ಬರೆಸ್ಕೊಳಿ, ನಂದೇನೂ ಅಭ್ಯಂತರ ಇಲ್ಲ.”

ಆಗ ಪರದೆಯು ಅಡ್ಡಕ್ಕೆ ೩೪೪೦ ಹಾಗೂ ಉದ್ದಕ್ಕೆ ೧೪೪೦ ಚುಕ್ಕೆಗಳದ್ದೆಂದೂ, ಕಂಪ್ಯೂಟರಿಗೆ ಎಷ್ಟು ಚುಕ್ಕೆಗಳ ಚಿತ್ರ ಬರೆಯಲು ಹೇಳಬೇಕೆಂಬುದೂ, ಬರೆದ ಚಿತ್ರವನ್ನು ಪರದೆಗೆ ಹೇಗೆ ಹಿಗ್ಗಿಸಬೇಕೆಂಬುದೂ ನಮ್ಮ ಆಯ್ಕೆಯೆಂದೂ ನಾನು ವಿವರಿಸತೊಡಗಿದೆ. ಇದು ನನ್ನ ವೃತ್ತಿಯ ದೋಷ. ಆಯ್ಕೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಸಮಿತಿಯು ಆಯ್ಕೆ ಮಾಡಲು ಕುಳಿತಿತು. ಕಡಿಮೆ ಚುಕ್ಕೆ ಸಾಕೆಂದು ತಾವು ಹೇಳಿದಿರಿ. ಎಷ್ಟು ಕಡಿಮೆ ಎಂಬ ಪ್ರಶ್ನೆ ಬಂದಾಗ ಮದಾಮ್ ಸಿಲ್ವಾ ಅವರ ಟೀವಿಯ ಡಬ್ಬದ ಮೇಲೆ ಬರೆದಿದ್ದ ೧೯೨೦ x ೧೦೮೦ ಎಂಬುದನ್ನು ಮಾದರಿಯಾಗಿ ಇಟ್ಟುಕೊಳ್ಳಲಾಯಿತು.

“ಮಿಕ್ಕಿದ್ದು ಎರಡೂ ಕಡೆ ಕಪ್ಪು ಬಿಟ್ಬಿಡಿ,” ಎಂದರು ಮದಾಮ್ ಸಿಲ್ವಾ. “ಕಪ್ಪಿದ್ದ ಕಡೆ ಕರೆಂಟು ಹೋಗಲ್ವಲ್ಲ.”

ಎಲ್ಲರೂ ತಲೆಯಾಡಿಸಿದರು. ಇದನ್ನು ನಾನು ಹಾಸ್ಯ ಮಾಡಲಾರೆ. ಈ ಊರಿನಲ್ಲಿ ಕತ್ತಲಿದ್ದ ಮನೆಯಲ್ಲಿ ಕರೆಂಟಿಲ್ಲ, ಕತ್ತಲಿದ್ದ ಬೀದಿಯಲ್ಲಿ ಕರೆಂಟಿಲ್ಲ, ಕತ್ತಲಿದ್ದ ಮೆಟ್ಟಿಲಿನಲ್ಲಿ ಬಲ್ಬೇ ಇಲ್ಲ. ಇಷ್ಟು ವರ್ಷ ಇದನ್ನೇ ಕಂಡವರಿಗೆ ಪರದೆಯ ಕಪ್ಪು ಭಾಗವೂ ಕರೆಂಟಿಲ್ಲದ ಜಾಗವೆಂದು ತೋರಿದ್ದು ಸಹಜ. ಆದರೆ ಸದರಿ ಪರದೆಯ ಹಿಂಭಾಗದಲ್ಲಿ ಒಂದೇ ದೀಪದ ಸಾಲು ಇದ್ದು, ಅದು ಇಡೀ ಅಗಲಕ್ಕೂ ಸದಾ ಉರಿಯುತ್ತಿರುತ್ತದೆ. ಕಪ್ಪು ಕಾಣಬೇಕಾದ ಕಡೆ ಮುಂದಿನ ಗಾಜಿನ ಪದರವು ಆ ಬೆಳಕನ್ನು ತಡೆದು ನಿಲ್ಲಿಸುತ್ತದೆ, ಅಷ್ಟೆ. ದೀಪ ಉರಿಯುವುದು ಉರಿಯುತ್ತಲೇ ಇರುತ್ತದೆ, ಬೆಳಕು ಮಾತ್ರ ಯಾರಿಗೂ ದಕ್ಕುವುದಿಲ್ಲ. ಈ ವ್ಯವಸ್ಥೆಯ ಪರಿಚಯ ಲೆಬನಾನಿನ ಪ್ರಜೆಗಳಾದ ನಮಗೆ ಬೇರೆ ಇಲಾಖೆಗಳಲ್ಲಿ ಚೆನ್ನಾಗಿಯೇ ಇದ್ದರೂ, ಅಂದಿನ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅದೇ ಸಭೆಯಲ್ಲಿ ಅಬು ನಖ್ಲೆಯವರು ಇನ್ನೊಂದು ಮಾತು ಹೇಳಿದರು. ಅದನ್ನು ಏಳನೇ ಅಂಶದಲ್ಲಿ ಪ್ರಸ್ತಾಪಿಸುತ್ತೇನೆ.

೫. ಠರಾವಿನ ಪಾಲನೆಯ ಬಗ್ಗೆ. ಅರ್ಜಿದಾರನು ಸದರಿ ಠರಾವನ್ನು ಮರುದಿನವೇ ಜಾರಿಗೆ ತಂದನು. ಪರಿಣಾಮಗಳು ಈ ಕೆಳಗಿನಂತಿವೆ.

(ಅ) ಮೊದಲ ದಿನ ಸಣ್ಣ ಚಿತ್ರವನ್ನು ಎಳೆದು ಪರದೆಯ ತುಂಬ ಹರಡಿದೆ. ಚುಕ್ಕೆ ಕಡಿಮೆಯಾಗಲಿ, ಅಗಲವಾದರೂ ಉಳಿಯಲಿ ಎಂಬ ಉದ್ದೇಶ. ಅತ್ತೆಯವರು ಸ್ಟಿಯರಿಂಗಿನ ಮುಂದೆ ಕುಳಿತು ನೋಡಿದರು.

“ಬಸ್ಸಿನ ಮೇಲೆ ಯಾರು ಕೂತ್ಕೊಂಡ್ರು?” ಎಂದರು.

“ಯಾರೂ ಇಲ್ಲ ಅತ್ತೆ. ಚಿತ್ರ ಎಳೆದಿದೀನಿ.”

“ಚಕ್ರ ಮೊಟ್ಟೆ ಆಗಿದೆ. ಮೊಟ್ಟೆ ಮೇಲೆ ನಾನು ಮಕ್ಕಳನ್ನ ಕರ್ಕೊಂಡು ಹೋಗ್ಲಾ? ಆ ಹುಡುಗಿ ನೋಡು, ಬೆಳಗ್ಗೆ ಬಡಕಲು ಇದ್ದೋಳು, ಸಂಜೆಗೆ ಮದಾಮ್ ಸಿಲ್ವಾ ಆಗವಳೆ.”

ಮದಾಮ್ ಸಿಲ್ವಾ ಅವರ ಬಗ್ಗೆ ಅರ್ಜಿದಾರನಿಗೆ ಅಪಾರ ಗೌರವವಿದೆ. ಅನುಪಾತವು ನೂರಕ್ಕೆ ಮೂವತ್ತನಾಲ್ಕರಷ್ಟು ಕೆಟ್ಟಿದ್ದುದು ಮಾತ್ರ ನಿಜ.

(ಆ) ಎರಡನೇ ದಿನ ಠರಾವಿನಲ್ಲಿ ಇದ್ದಂತೆಯೇ, ಅನುಪಾತ ಕೆಡದಂತೆ ಚಿತ್ರವನ್ನು ನಡುವೆ ನಿಲ್ಲಿಸಿ, ಎರಡೂ ಪಕ್ಕ ಕಪ್ಪು ಬಿಟ್ಟೆ. ಚಕ್ರ ದುಂಡಗಾಯಿತು. ಆದರೆ ಬಸ್ಸಿನ ಹೊರಗನ್ನಡಿಗಳೆರಡೂ ಚಿತ್ರದಿಂದ ಹೊರಗೆ ಹೋದವು. ಎಡಗನ್ನಡಿಯಲ್ಲಿ ಪಕ್ಕದಿಂದ ನುಗ್ಗುವ ಸ್ಕೂಟರು ಕಾಣಬೇಕು. ಬಲಗನ್ನಡಿಯಲ್ಲಿ, ಕಾಲುದಾರಿಯ ಕಡೆಯ ಬಾಗಿಲಿನಿಂದ ಇಳಿಯುವವರು ಕಾಣಬೇಕು. ಅತ್ತೆಯವರು ಔಷಧಿ ಅಂಗಡಿಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ ಬಾಗಿಲು ತೆರೆದರು. ಆಮೇಲೆ ಬಾಗಿಲು ಮುಚ್ಚಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನಾನು, “ಹೊರಡಿ ಅತ್ತೆ, ಎಲ್ರೂ ಇಳಿದ್ರು,” ಎಂದೆ.

“ನೀನು ಕಂಡ್ಯಾ?”

“ಕಾಣದೇ ಇದ್ರೂ, ಇಷ್ಟು ಹೊತ್ತಿಗೆ ಇಳಿದಿರ್ತಾರೆ.”

“ಇಳಿದಿರ್ತಾರೆ ಅನ್ನೋರಿಗೆ ನಾನು ಯಾವತ್ತೂ ಬಸ್ಸು ಕೊಟ್ಟಿಲ್ಲ.”

ಆಟದ ಪ್ರಯಾಣಿಕರು ತಡವಾಯಿತೆಂದು ಗೊಣಗಿದರು, ಅಂಕಗಳು ಒಂದೊಂದಾಗಿ ಕಡಿಮೆಯಾಗಿ ಸೊನ್ನೆಗಿಂತ ಕೆಳಗೆ ಇಳಿದವು. ಆರು ಗಂಟೆಯವರೆಗೆ ಬಸ್ಸು ಬಾಗಿಲು ತೆರೆದುಕೊಂಡೇ ನಿಂತಿತ್ತು. ಮರುದಿನ ಶನಿವಾರ ಅವರು ಕೋಟು ಶೂ ಹಾಕಿಕೊಂಡು ಬಂದು ಕುಳಿತರು, ಯಂತ್ರ ಚಾಲೂ ಮಾಡಲಿಲ್ಲ. ಭಾನುವಾರ ಶೂ ಹಾಕಲಿಲ್ಲ. ಹಗಲು ಪಾಳಿ ಮುಗಿಸಿ ಸಂಜೆ ಆಸ್ಪತ್ರೆಯಿಂದ ಬಂದ ನನ್ನ ಹೆಂಡತಿ ಹಿಯಾಮ್ ಬಾಗಿಲ ಬಳಿ ಇದ್ದ ಶೂಗಳನ್ನು ನೋಡಿ, “ಅಮ್ಮ ಇವತ್ತು ಹೊರಗೆ ಹೋಗಲ್ವಂತಾ?” ಎಂದು ಕೇಳಿದಳು.

(ಇ) ನೋಟದ ಕೋನವನ್ನು ಹಿಗ್ಗಿಸಿ, ಕನ್ನಡಿಗಳನ್ನು ನಡುವಿನ ಚಿತ್ರದೊಳಗೆ ತುರುಕಲು ಪ್ರಯತ್ನಿಸಿದೆ. ಕನ್ನಡಿಗಳೇನೋ ಬಂದವು, ಉಗುರಿನಷ್ಟಾಗಿ. ಎದುರಿನ ಕಟ್ಟಡಗಳು ಹಿಂದಕ್ಕೆ ಸರಿದು ಎರಡೂ ಕಡೆ ಬಾಗಿಕೊಂಡವು. ಅತ್ತೆಯವರು ಹಾಸಿಗೆಯಿಂದಲೇ ಕತ್ತೆತ್ತಿ ನೋಡಿ, “ಕಾಲೇಜು ಓದಿದೋನೇ, ರಸ್ತೆ ಬಗ್ಗಿಸಬೇಡಪ್ಪ, ಕನ್ನಡಿ ಕೊಡು,” ಎಂದರು.

(ಈ) ಆದ ಕಾರಣ ನಿನ್ನೆ ಸೋಮವಾರ ಅರ್ಜಿದಾರನು ಶಾಲೆಯ ಪ್ರಯೋಗಾಲಯದಿಂದ ಮಾಪಕವೊಂದನ್ನು ತಂದು, ಕಂಪ್ಯೂಟರು ಮತ್ತು ಪರದೆ ಒಟ್ಟಿಗೆ ಎಳೆಯುವ ಕರೆಂಟನ್ನು ಪ್ರತಿ ವ್ಯವಸ್ಥೆಯಲ್ಲೂ ಅಳೆದನು. ಪರದೆಯ ಪೂರ್ತಿ ೩೪೪೦ x ೧೪೪೦ರಲ್ಲಿ ೧.೭ ಆಂಪಿಯರ್. ಸಮಿತಿಯು ನಿಗದಿಪಡಿಸಿದ ೧೯೨೦ x ೧೦೮೦ರಲ್ಲಿ, ಪಕ್ಕಗಳ ಕಪ್ಪು ಸಹಿತ, ೧.೬ ಆಂಪಿಯರ್. ಇಷ್ಟು ಚಿಕ್ಕ ಚಿತ್ರಕ್ಕೆ ಇಷ್ಟು ಕರೆಂಟು ಏಕೆಂದರೆ, ಚಿತ್ರ ಬರೆಯುವ ಕಾರ್ಡಿಗೆ ಕೆಲಸ ಕಡಿಮೆ ಮಾಡಿದರೆ ಅದು ವಿಶ್ರಾಂತಿ ತೆಗೆದುಕೊಳ್ಳುವುದಿಲ್ಲ. ಸೆಕೆಂಡಿಗೆ ಎಪ್ಪತ್ತರ ಬದಲು ನೂರೈವತ್ತು ಚಿತ್ರ ಬರೆದು ಕೂಡಿಹಾಕುತ್ತದೆ. ಅದನ್ನು ಸೆಕೆಂಡಿಗೆ ಅರವತ್ತೇ ಸಾಕೆಂದು ತಡೆಯಬೇಕು. ಠರಾವಿನಲ್ಲಿ ಅಂಥ ತಡೆಯ ಮಾತಿರಲಿಲ್ಲ.

ಅರವತ್ತರ ತಡೆ ಹಾಕಿ, ೨೫೬೦ x ೧೦೮೦ರಲ್ಲಿ ಚಿತ್ರ ಬರೆಸಿ, ಅದನ್ನು ಪರದೆಯ ಪೂರ್ತಿ ಅಗಲಕ್ಕೆ ಹಿಗ್ಗಿಸಿದಾಗ ೧.೦ ಆಂಪಿಯರ್. ಈ ಚಿತ್ರದ ಅನುಪಾತಕ್ಕೂ ಪರದೆಯ ಅನುಪಾತಕ್ಕೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲವಾದ್ದರಿಂದ ಚಕ್ರ ಚಕ್ರವಾಗಿಯೇ ಉಳಿಯಿತು. ದೂರದ ಬೋರ್ಡುಗಳ ಅಕ್ಷರ ಸ್ವಲ್ಪ ಮಸುಕಾದವು. “ನಂಗೆ ರೂಟು ಗೊತ್ತು, ಬೋರ್ಡು ಓದಿ ಓಡಿಸೋಳಲ್ಲ,” ಎಂದು ಅತ್ತೆಯವರು ಒಪ್ಪಿಗೆ ಸೂಚಿಸಿ, ಶೂ ತರಲು ಹೇಳಿದರು. ಈ ಸಂಜೆ ಕತ್ತಲಾದಾಗ ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಈ ಒಂದು ಆಂಪಿಯರಿನ ಬಸ್ಸು. ಅಂದರೆ ಅರ್ಜಿದಾರನು ಠರಾವನ್ನು ಉಲ್ಲಂಘಿಸಿದ್ದಾನೆ, ಆದರೆ ಕಡಿಮೆ ಕರೆಂಟಿನಲ್ಲಿ ಉಲ್ಲಂಘಿಸಿದ್ದಾನೆ.

೬. ತಪಾಸಣೆಯ ಬಗ್ಗೆ. ಠರಾವು ಪಾಲನೆಯಾಗುತ್ತಿದೆಯೇ ಎಂದು ನೋಡಲು ಮದಾಮ್ ಸಿಲ್ವಾ ಅವರು ಭಾನುವಾರ ಸಂಜೆ ಮೇಲೆ ಬಂದಿದ್ದರು. ಮೂರನೇ ಮಹಡಿಯಿಂದ ಏಳಕ್ಕೆ ಬರುವಷ್ಟರಲ್ಲಿ ಅವರಿಗೆ ಉಸಿರಾಟ ಕಷ್ಟವಾಗಿ, ಮೊದಲು ನೀರು, ಬಳಿಕ ಏಲಕ್ಕಿ ಹಾಕಿದ ಕಾಫಿ ಕೊಡಬೇಕಾಯಿತು. ಅನಂತರ ಅವರು ಪರದೆಯ ಕಪ್ಪು ಪಟ್ಟಿಯ ಕೆಳ ಅಂಚಿನ ಮೇಲೆ ಅಂಗೈ ಇಟ್ಟರು. ತೆಗೆದು, ನಡುವೆ ಇಟ್ಟರು. ಮತ್ತೆ ಕಪ್ಪಿನ ಕಡೆ ಇಟ್ಟರು.

“ಇಲ್ಲೂ ಬಿಸಿ ಇದೆಯಲ್ಲ ಉಸ್ತಾದ್.”

“ಇರುತ್ತೆ ಮದಾಮ್.”

“ಹಂಗಾದ್ರೆ ಕಪ್ಪು ಮಾಡಿ ಏನು ಬಂತು?”

“ಅದನ್ನ ಸಮಿತಿಗೆ ಹೇಳ್ತೀರಾ?”

ಅವರು ಭವಿಷ್ಯ ನೋಡುವವರ ಹಾಗೆ ಕಾಫಿ ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿದರು. “ನನ್ನ ಮಗಳ ಮದುವೆಗೆ ರೀಮೋನ್ ಅಂಗಡಿಯಿಂದ ತೂಗುದೀಪ ಕಡ ತಂದಿದೀನಿ. ಇನ್ನೂ ವಾಪಸ್ ಕೊಟ್ಟಿಲ್ಲ,” ಎಂದರು. ಗೋಡೆಯ ಕಡೆ ತಿರುಗಿ ಮಲಗಿದ್ದ ಅತ್ತೆಯವರ ಹೊದಿಕೆಯನ್ನು ಸ್ವಲ್ಪ ಸರಿಮಾಡಿ, ಇಳಿದು ಹೋದರು. ಅವರ ತಪಾಸಣಾ ವರದಿಯಲ್ಲಿ “ಎಲ್ಲವೂ ಠರಾವಿನಂತೆ ಇದೆ” ಎಂದು ಬರೆದಿರುವುದಾಗಿ ತಿಳಿದುಬಂದಿದೆ. ವರದಿ ಸತ್ಯವಾಗಿದೆ.

೭. ಸ್ವಿಚ್ಚು ಬೀಳುವ ವೇಳೆಯ ಬಗ್ಗೆ. ಸೆಪ್ಟೆಂಬರ್ ನಡುವಿನಲ್ಲಿ ಸ್ವಿಚ್ಚು ಬೀಳುತ್ತಿದ್ದುದು ಏಳರ ಸುಮಾರಿಗೆ. ಅಕ್ಟೋಬರ್ ನಡುವಿನಲ್ಲಿ ಆರೂಕಾಲಿಗೆ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸಿದ ಮೇಲೆ, ಈಗ ಐದಕ್ಕೆ. ನಮ್ಮ ಅತ್ತೆಯವರು ಬಸ್ಸು ಹತ್ತುವುದು ಬೇಸಗೆಯಲ್ಲೂ ಚಳಿಗಾಲದಲ್ಲೂ ಐದಕ್ಕೇ. ಅಂದರೆ ಸೆಪ್ಟೆಂಬರಿನಲ್ಲಿ ಸ್ವಿಚ್ಚು ಬೀಳುವ ಹೊತ್ತಿಗೆ ಅವರು ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ, ಪರದೆ ಆರಿಸಿ, ಊಟಕ್ಕೆ ಕುಳಿತಿರುತ್ತಿದ್ದರು. ಸ್ವಿಚ್ಚು ಬೀಳುವ ವೇಳೆ ಬಸ್ಸಿನ ವೇಳೆಯನ್ನು ಅನುಸರಿಸುತ್ತಿಲ್ಲ. ಅದು ಸೂರ್ಯಾಸ್ತವನ್ನು ಅನುಸರಿಸುತ್ತಿದೆ.

ಬೆರಳು ತೋರಿಸುವುದು ಭೌತಶಾಸ್ತ್ರದ ಕ್ರಮವಲ್ಲ. ಕತ್ತಲಾಗುತ್ತಿದ್ದಂತೆ ಈ ಕಟ್ಟಡದಲ್ಲಿ ಏನು ಉರಿಯತೊಡಗುತ್ತದೆ ಎಂದಷ್ಟೇ ಕೇಳಿಕೊಂಡೆ. ಮೆಟ್ಟಿಲ ದೀಪವಲ್ಲ, ಉಳಿತಾಯಕ್ಕೆಂದು ತಾವೇ ಅದರ ಬಲ್ಬು ಬಿಚ್ಚಿಸಿದ್ದೀರಿ. ಶಾಲೆಯಿಂದ ಬರುವಾಗ ಬೀದಿಯಿಂದ ಕಂಡಂತೆ, ನೆಲಮಹಡಿಯ ಅಂಗಡಿಯಲ್ಲಿ ಹನ್ನೊಂದು ತೂಗುದೀಪಗಳಿವೆ, ಒಂದೊಂದರಲ್ಲಿ ಎಂಟು ಹಳೆಯ ಕಾಲದ ತಂತಿ ಬಲ್ಬುಗಳು. ನಲವತ್ತು ವ್ಯಾಟಿನವು ಎಂದು ಹಿಡಿದರೆ ಒಟ್ಟು ೧೬ ಆಂಪಿಯರ್. ನೋಡಲು ಬಹಳ ಚೆಂದ. ಕಾಲುದಾರಿಯ ಮೇಲೆ ಬೀಳುವ ಅದರ ಹಳದಿ ಬೆಳಕು ನಮ್ಮ ಬಾಲ್ಕನಿಗೂ ಕಾಣುತ್ತದೆ, ಮತ್ತು ಅತ್ತೆಯವರಿಗೆ ಬೀದಿಯಲ್ಲಿ ಉಳಿದಿರುವುದು ಆ ಬೆಳಕಿನ ಚೂರು ಮಾತ್ರ.

ಆದರೆ ಸದರಿ ಅಂಗಡಿಗೆ ಇದರಲ್ಲಿ ಸಂಬಂಧವಿರಲು ಸಾಧ್ಯವಿಲ್ಲ. ಏಕೆಂದರೆ ಸಭೆಯಲ್ಲಿ ಅಬು ನಖ್ಲೆಯವರು, “ಅಂಗಡಿಗೆ ನನ್ನ ಲೈನೇ ಇಲ್ಲ, ಅಧ್ಯಕ್ಷರು ಎಲ್ಲಾ ಬ್ಯಾಟರಿ ಮೇಲೆ ನಡಿಸ್ತಾರೆ,” ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ತಾವೂ ಹೌದೆಂದು ತಲೆಯಾಡಿಸಿದ್ದೀರಿ. ಈ ಸಂಜೆ ಮುಖ್ಯ ಸ್ವಿಚ್ಚು ಬಿದ್ದ ಕ್ಷಣದಲ್ಲಿ ನಾನು ಬಾಲ್ಕನಿಯಲ್ಲಿದ್ದೆ. ಕಾಲುದಾರಿಯ ಮೇಲಿನ ಹಳದಿ ಬೆಳಕೂ ಅದೇ ಕ್ಷಣದಲ್ಲಿ ಹೋಯಿತು. ಕಟ್ಟಡಕ್ಕೆ ಕತ್ತಲಾದರೆ ತಾನೂ ಕತ್ತಲಾಗುವ, ನೆರೆಹೊರೆಯ ಕಷ್ಟದಲ್ಲಿ ಇಷ್ಟು ನಿಷ್ಠೆಯಿಂದ ಪಾಲ್ಗೊಳ್ಳುವ ಬ್ಯಾಟರಿಯನ್ನು ನಾನು ಪಠ್ಯದಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ಕಂಡಿಲ್ಲ. ತಮ್ಮ ಮಾತನ್ನು ಅನುಮಾನಿಸುವುದು ನನ್ನ ಉದ್ದೇಶವಲ್ಲವಾದ ಕಾರಣ, ನನ್ನ ವಿದ್ಯೆಯನ್ನೇ ಅನುಮಾನಿಸುತ್ತಿದ್ದೇನೆ.

೮. ಇನ್ನೊಂದು ವಿಷಯ. ಠರಾವು ಹೊರಗನ್ನಡಿಗಳೆರಡನ್ನು ತೆಗೆದಿದೆಯೇ ಹೊರತು, ಚಿತ್ರದ ನಡುವೆ ಮೇಲ್ಗಡೆ ಇರುವ ಒಳಗನ್ನಡಿಯನ್ನು ಮುಟ್ಟಿಲ್ಲ. ಅದರಲ್ಲಿ ಹಿಂದಿನ ಸೀಟಿನವರ ಕೈಗಳು ಕಾಣುತ್ತವೆ. ತಮ್ಮ ಕಾಲದಲ್ಲಿ ಬೇರೆ ಮಕ್ಕಳ ಚೀಲದಲ್ಲಿದ್ದ ಝಾತರ್ ಸೊಪ್ಪಿನ ರೊಟ್ಟಿಗಳು ದಾರಿಯಲ್ಲೇ ಕಾಣೆಯಾಗುತ್ತಿದ್ದುದನ್ನು ಅತ್ತೆಯವರು ಆ ಕನ್ನಡಿಯಲ್ಲೇ ಪತ್ತೆ ಮಾಡಿದ್ದರಂತೆ. ಕದ್ದ ಕೈ ಯಾರದ್ದೆಂದು ಅವರು ಹೇಳಿಲ್ಲ. ನಾನು ಕೇಳಿಯೂ ಇಲ್ಲ.

ಆದ್ದರಿಂದ ತಾವು ದಯವಿಟ್ಟು:

ಕ) ಶ್ರೀಮತಿ ಅದ್ಲಾ ಅವರು ದಿನಕ್ಕೆ ಒಂದು ಗಂಟೆ, ೨೫೬೦ x ೧೦೮೦ರಲ್ಲಿ, ಸೆಕೆಂಡಿಗೆ ಅರವತ್ತು ಚಿತ್ರಗಳ ಮಿತಿಯೊಂದಿಗೆ, ಪರದೆಯ ಪೂರ್ತಿ ಅಗಲದಲ್ಲಿ ಬಸ್ಸು ಓಡಿಸಲು ಅನುಮತಿ ನೀಡಬೇಕಾಗಿಯೂ, ಗುರುವಾರ ಲೈನು ಕತ್ತರಿಸುವ ಆದೇಶವನ್ನು ಹಿಂಪಡೆಯಬೇಕಾಗಿಯೂ;

ಖ) ಅದು ಸಾಧ್ಯವಾಗದ ಪಕ್ಷದಲ್ಲಿ, ಅದೇ ಒಂದು ಗಂಟೆ ಲಿಫ್ಟು ನಡೆಸಬೇಕಾಗಿಯೂ. ಅತ್ತೆಯವರು ಕೆಳಗೆ ಬಂದು, ತಮ್ಮ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಎಡಕ್ಕೂ ಬಲಕ್ಕೂ ತಾವೇ ಕತ್ತು ತಿರುಗಿಸಿ ನೋಡಿಕೊಳ್ಳುತ್ತಾರೆ; ಆಗ ಪರದೆಯ ಅಗತ್ಯ ಬೀಳದು;

ಗ) ಮೇಲಿನ ಎರಡೂ ಸಾಧ್ಯವಾಗದ ಪಕ್ಷದಲ್ಲಿ, ತಮ್ಮ ಅಂಗಡಿಯ ಬ್ಯಾಟರಿಯನ್ನು ತಯಾರಿಸಿದವರ ಹೆಸರು ಮತ್ತು ವಿಳಾಸ ತಿಳಿಸಬೇಕಾಗಿಯೂ. ಹದಿನಾರು ಆಂಪಿಯರನ್ನು ಸಂಜೆಯೆಲ್ಲ ಕೊಡುವ ಸದರಿ ಬ್ಯಾಟರಿಯ ಹದಿನಾರನೇ ಒಂದು ಭಾಗವನ್ನು ಕೊಳ್ಳಲು ಅರ್ಜಿದಾರನು ಉತ್ಸುಕನಾಗಿದ್ದಾನೆ;

ವಿನಯಪೂರ್ವಕವಾಗಿ ಕೋರಲಾಗಿದೆ.

ಈ ಅರ್ಜಿಯನ್ನು ಓದಿ ನೋಡಿದ ಹಿಯಾಮ್, “ಇಷ್ಟುದ್ದ ಬರೆದ್ರೆ ಓದ್ತಾರಾ?” ಎಂದು ಕೇಳಿದ್ದಾಳೆ. ಅಗಲಕ್ಕೆ ಅನುಮತಿ ಇಲ್ಲದಿರುವ ಕಾರಣ ಉದ್ದವಾಗಿದೆ ಎಂದು ತಿಳಿಸಿದ್ದೇನೆ.

ಇಂತಿ, ತಮ್ಮ ತಲೆಯ ಮೇಲೆ ಆರು ಮಹಡಿ ಎತ್ತರದಲ್ಲಿ ವಾಸಿಸುವ
ತಮ್ಮ ವಿಶ್ವಾಸಿ,
ನಸ್ರಿ ಗುಲ್ಮಿಯೆ

ಲಗತ್ತುಗಳು:
೧) ಪರದೆಯ ಮೂರು ಛಾಯಾಚಿತ್ರಗಳು: ಮೊಟ್ಟೆಯಾದ ಚಕ್ರ, ಕಪ್ಪು ಪಟ್ಟಿಗಳು, ಪೂರ್ತಿ ಅಗಲ.
೨) ಪ್ರಯೋಗಾಲಯದ ಮಾಪಕ. (ನೋಡಿದ ಬಳಿಕ ಹಿಂದಿರುಗಿಸುವುದು, ಬೇಕಿದ್ದರೆ ಅಂಗಡಿಯಲ್ಲಿ ಒಮ್ಮೆ ಬಳಸಿ ನೋಡಬಹುದು.)
೩) ಒಂದು ನಲವತ್ತು ವ್ಯಾಟಿನ ಬಲ್ಬು, ಮೆಟ್ಟಿಲಿಗೆ. ಅರ್ಜಿದಾರನ ಕೊಡುಗೆ.

ವಿಶೇಷ ಸೂಚನೆ: ಇದನ್ನು ಬರೆಯಬೇಡವೆಂದು ಅತ್ತೆಯವರು ಹೇಳಿದ್ದಾರೆ. ಆದರೂ ಅಂಕಿ ಅಂಶ ಪೂರ್ಣವಾಗಿರಬೇಕಾದ ಕಾರಣ ಬರೆಯುತ್ತಿದ್ದೇನೆ. ತಾವು ಮೂರನೇ ತರಗತಿಯಲ್ಲಿದ್ದಾಗ, ಒಂದು ಮಧ್ಯಾಹ್ನ ಔಷಧಿ ಅಂಗಡಿಯ ಬಳಿ ಬಸ್ಸಿನಿಂದ ಇಳಿದಿರಿ. ತಮ್ಮ ಗೋಲಿ ಉರುಳಿ ಹಿಂದಿನ ಚಕ್ರದ ಕೆಳಗೆ ಹೋಯಿತು. ಅದನ್ನು ಹುಡುಕಲು ತಾವು ಚಕ್ರದ ಮುಂದೆ ಬೋರಲು ಮಲಗಿದ್ದಿರಿ. ಬಸ್ಸಿನೊಳಗಿದ್ದವರೆಲ್ಲ ಎಲ್ಲರೂ ಇಳಿದರೆಂದು, ಹೊರಡಿ ಎಂದು ಕೂಗುತ್ತಿದ್ದರು. ಬಲಗನ್ನಡಿಯಲ್ಲಿ ಎರಡು ಪಾದಗಳು ಕಾಣುತ್ತಿದ್ದ ಕಾರಣ ಸಿತ್ ಅದ್ಲಾ ಅವರು ಹೊರಡಲಿಲ್ಲ. ತಮಗೆ ಗೋಲಿ ಸಿಗುವವರೆಗೆ ಬಾಗಿಲು ತೆರೆದುಕೊಂಡೇ ನಿಂತಿದ್ದರು.

ನಮ್ಮ ಪರದೆಯ ಮೇಲೆ ಸದರಿ ಕನ್ನಡಿಗೆ ಬೇಕಾಗಿರುವ ಜಾಗ, ಬಲ ಅಂಚಿನಿಂದ ಅಳೆದಂತೆ, ೧೦.೨ ಸೆಂಟಿಮೀಟರ್.